ಕಳಕವ್ವನ ಪಾಳಿ

ಭರಣಿ ಮಳೆ ಬರಲಿಲ್ಲ. ಕೃತ್ತಿಕಾ ಮಳೆ ಗುಡ್ಡದ ಆಚೆ ಗುಡುಗಿ ಅಲ್ಲೇ ಉಳಿಯಿತು. ರೋಹಿಣಿ ಕೂಡುವುದರೊಳಗೆ ಒಡ್ಡುಗಳೆಲ್ಲ ಏಳಬೇಕೆಂದು ಸಂಘದವರು ಅವಸರ ಮಾಡುತ್ತಿದ್ದರು. ಮಾಳಿಂಗರಾಯನ ಹೊಲದಲ್ಲಿ ಹೊತ್ತು ಮೇಲೆ ಬರುವ ಮೊದಲೇ ಗುದ್ದಲಿಗಳು ಕಲ್ಲಿಗೆ ತಾಗಿ ಸದ್ದು ಮಾಡುತ್ತಿದ್ದವು. ಗಂಡಸರು ಅಗೆದರು. ಹೆಂಗಸರು ಹೊತ್ತರು. ಕಳಕವ್ವ ತಲೆಯ ಮೇಲೆ ಸಿಂಬಿ ಇಟ್ಟು, ಪುಟ್ಟಿ ತುಂಬ ಮಣ್ಣು ಹೊತ್ತು ಏರಿ ಹತ್ತುತ್ತಿದ್ದಳು, ಸುರಿಯುತ್ತಿದ್ದಳು, ಇಳಿಯುತ್ತಿದ್ದಳು. ಕುತ್ತಿಗೆಯ ನರ ಬಿಗಿದು ಕಿವಿಯ ಹಿಂದೆ ನೋವು ಕೂತಿತ್ತು. ಬೆವರಿಗೆ ಮಣ್ಣು ಕೂಡಿ ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ಕಳಕವ್ವಾ, ಅರ್ಧಾ ಪುಟ್ಟಿ ಹೊರಬೇ," ಎಂದ ಮಾಳಿಂಗರಾಯ, ಗುದ್ದಲಿಗೆ ಆತುಕೊಂಡು. "ಸತ್ತಗಿತ್ತರ ನನ್ನ ಹೊಲದಾಗ ದೆವ್ವ ಆಗಿ ಕುಂದರತಿ."

"ಚಲೋ ಆತಲ್ಲೋ ಅಣ್ಣಾ. ನಿನ್ನ ಕುರಿ ಕಾಯಾಕ ಒಂದ ಆಳ ಉಳೀತೈತಿ."

ಎಲ್ಲರೂ ನಕ್ಕರು. ಕಳಕವ್ವನಿಗೆ ಆ ನಗು ಹಿತವಾಯಿತು. ಇಷ್ಟು ಮಂದಿಯ ನಗುವಿನೊಳಗೆ ತಾನೂ ಒಬ್ಬಳು ಅನ್ನಿಸಿತು. ಮುಂದಿನ ಪುಟ್ಟಿಯನ್ನು ಇನ್ನಷ್ಟು ತುಂಬಿಸಿಕೊಂಡಳು.

ಹೋದ ವರ್ಷ ಗಜೇಂದ್ರಗಡದಿಂದ ಜಲಾನಯನ ಯೋಜನೆಯ ಜಯಂತ ಎಂಬ ತರುಣ ಮೋಟರ್‌ಸೈಕಲ್ ಮೇಲೆ ಬಂದು, ಗುಡ್ಡದ ನೀರನ್ನು ಗುಡ್ಡದಲ್ಲೇ ಹಿಡಿಯಬೇಕೆಂದು ಹೇಳಿ ಊರಲ್ಲಿ ಜಲಾನಯನ ಸಂಘ ಕಟ್ಟಿದ್ದ. ಸಿಮೆಂಟು, ಪೈಪು ಯೋಜನೆಯದು. ಮೈಕೆಲಸ ಊರವರದು. ಅದಕ್ಕೆ ಹಳೆಯ ಮುಯ್ಯಿ ಪದ್ಧತಿಯೇ ಸರಿ ಎಂದು ಅವನೇ ನೆನಪಿಸಿದ. ಇಂದು ನಿಮ್ಮ ಹೊಲದಲ್ಲಿ ನಾನು ದುಡಿದರೆ, ನಾಳೆ ನನ್ನ ಹೊಲಕ್ಕೆ ನೀವು ಬರಬೇಕು. ಯಾರ ಹೊಲದ ಪಾಳಿಯೋ ಆ ಮನೆಯವರು ಮಧ್ಯಾಹ್ನದ ರೊಟ್ಟಿ ಹಾಕಬೇಕು. ಕೂಲಿ ಇಲ್ಲ, ಲೆಕ್ಕ ಇಲ್ಲ. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮಾದರ ಕೇರಿಯಿಂದ ಒಬ್ಬರು ಇರಲೇಬೇಕೆಂಬ ನಿಯಮಕ್ಕೆ ಕಳಕವ್ವನನ್ನು ಸಂಘಕ್ಕೆ ತೆಗೆದುಕೊಂಡಿದ್ದರು. ಹೊಸ್ತಿಲ ಹತ್ತಿರ ಕೂತು ಅವಳೂ ತಟ್ಟಿದಳು.

ನೀರು ಮೇಲಿಂದ ಕೆಳಗೆ ಬರುತ್ತದೆ, ಆದ್ದರಿಂದ ಒಡ್ಡನ್ನೂ ಮೇಲಿಂದಲೇ ಸುರು ಮಾಡಬೇಕು ಎಂದಿದ್ದ ಜಯಂತ. ಎಲ್ಲರಿಗಿಂತ ಮೇಲೆ, ಗುಡ್ಡದ ಬೆನ್ನಿಗೆ ಹತ್ತಿದ ಹೊಲ ಕಳಕವ್ವನದು. ಸಂಘದ ಅಧ್ಯಕ್ಷ ಅಂದಾನಪ್ಪ ಸಾವಕಾರ ಮೀಸೆಯಲ್ಲೇ ನಕ್ಕ. "ಮದ್ಲ ಕೆಳಗಿಂದ ಬರೂಣು ತಗೋರಿ. ಮ್ಯಾಲಿನ ಹೊಲ ಎಲ್ಲಿ ಓಡಿ ಹೋಗತೈತಿ?" ಜಯಂತ ತಲೆ ಕೆರೆದುಕೊಂಡು ಹೂಂ ಎಂದ. ಹಾಗೆ ಮೊದಲಿನ ಪಾಳಿ ಕೊನೆಯದಾಯಿತು.

ಅಂದಾನಪ್ಪನ ಎರೆ ಹೊಲದ ಒಡ್ಡು ಎದ್ದಿತು. ಅವನ ತಮ್ಮನದು ಎದ್ದಿತು. ಊರವರದೆಲ್ಲ ಎದ್ದವು. ಕಳಕವ್ವ ಮತ್ತು ಸೊಸೆ ದುರಗವ್ವ ಒಂದು ಹೊಲಕ್ಕೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಕಳಕವ್ವ ತಲೆಗೆ ಬಟ್ಟೆ ಬಿಗಿದುಕೊಂಡು ಹೋಗಿದ್ದಳು. ಇದು ಕೂಲಿಯಲ್ಲ. ಕೂಲಿ ತಪ್ಪಿಸಬಹುದು. ಮುಯ್ಯಿ ತಪ್ಪಿಸಿದರೆ ಮಾತು ಹೋಗುತ್ತದೆ.

ಮಾಳಿಂಗರಾಯನ ಹೆಂಡತಿ ರೊಟ್ಟಿಯ ಹೆಡಿಗೆ ಹೊತ್ತು ಬಂದಳು. ಮಂದಿಯೆಲ್ಲ ಬೇವಿನ ನೆರಳಿಗೆ ಸಾಲಾಗಿ ಕೂತರು. ಅತ್ತೆ ಸೊಸೆ ಆಚೆಯ ಜಾಲಿ ಗಿಡದ ಬುಡಕ್ಕೆ ಹೋದರು. ಜಾಲಿಯ ನೆರಳಿಗಿಂತ ಮುಳ್ಳೇ ಹೆಚ್ಚು. ಮಾಳಿಂಗರಾಯನ ಹೆಂಡತಿ ಬಂದು ಅವರ ಕೈಗೆ ತಾಗದಂತೆ ಮೇಲಿಂದ ರೊಟ್ಟಿ ಬಿಟ್ಟಳು. ರೊಟ್ಟಿಯ ಮೇಲೆ ಪಲ್ಯ ಬಿಟ್ಟಳು. ಬೊಗಸೆಗೆ ನೀರು ಹೊಯ್ದಳು. ಇದೇನು ಹೊಸದಲ್ಲ. ರೊಟ್ಟಿ ಮೆತ್ತಗಿತ್ತು, ಬದನೆಕಾಯಿಗೆ ಎಣ್ಣೆ ಇತ್ತು. ಕಳಕವ್ವ ಅಷ್ಟನ್ನೇ ನೋಡಿದಳು.

"ಅತ್ತಿ," ಎಂದಳು ದುರಗವ್ವ, ತುತ್ತು ನುಂಗಿ. "ಮಂಗಳವಾರ ನಮ್ಮ ಪಾಳಿ. ಇವರೆಲ್ಲಾ ನಮ್ಮ ರೊಟ್ಟಿ ತಿಂತಾರೇನ್ರಿ?"

"ಮೆಲ್ಲಕ ಮಾತಾಡವಾ. ಕೇಳಿಗೀಳ್ಯಾರು."

"ಕೇಳ್ಲಿ ಬಿಡ್ರಿ."

ಕಳಕವ್ವ ಬೇವಿನ ಕಡೆ ನೋಡಿದಳು. ಆ ಪ್ರಶ್ನೆ ಅವಳ ಹೊಟ್ಟೆಯಲ್ಲಿ ಆಗಲೇ ಬಹಳ ದಿನದಿಂದ ಇತ್ತು. ಯಾರೂ ಬರದೇ ಹೋದರೆ? ಹೊಲ ಈಗಾಗಲೇ ಅರ್ಧ ಸತ್ತಿತ್ತು. ಗಂಡ ಬದುಕಿದ್ದಷ್ಟು ದಿನ ಕಲ್ಲು ಆರಿಸಿ ಆರಿಸಿ ಕೆಂಪು ಮಣ್ಣನ್ನು ಹೊಲ ಮಾಡಿದ್ದ. ಅವನು ಹೋದ ಮೇಲೆ ಪ್ರತಿ ಮಳೆಗೂ ಮಣ್ಣು ಇಳಿಯಿತು. ಮೇಲಿನ ಅಂಚಿನಲ್ಲಿ ಬಂಡೆ ಹಲ್ಲು ಕಿಸಿದಿತ್ತು. ಮಗ ಇಳಕಲ್ಲಿನ ಕಲ್ಲಿನ ಖಣಿಗೆ ದುಡಿಯಲು ಹೋಗಿದ್ದ. ಈ ವರ್ಷ ಒಡ್ಡು ಬೀಳದಿದ್ದರೆ ಮುಂದಿನ ವರ್ಷ ಬಿತ್ತಲು ಮಣ್ಣೇ ಇರುವುದಿಲ್ಲ.

ಸೋಮವಾರ ಸಂಜೆ ಕಳಕವ್ವ ಮುಯ್ಯಾಳು ಕರೆಯಲು ಊರೊಳಗೆ ಹೋದಳು. ಹಿಂದಿನ ದಿನ ಮನೆಮನೆಗೆ ಹೋಗಿ ಹೇಳುವುದು ಪದ್ಧತಿ. ಪ್ರತಿ ಮನೆಯ ಕಟ್ಟೆಯ ಕೆಳಗೆ ನಿಂತಳು. ಸೆರಗು ಹೊದ್ದುಕೊಂಡಳು. ನಾಳೆ ನಮ್ಮ ಹೊಲಕ್ಕೆ ಬರ್ರಿ ಎಂದಳು. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ.

"ರೊಟ್ಟಿ ನೀವೇ ಕಟ್ಟಿಕೊಂಡ ಬರ್ರಿ," ಎಂದಳು. "ನಾ ಬೆಲ್ಲ, ಪುಟಾಣಿ, ಬಾಳಿಹಣ್ಣ ಅಂಗಡ್ಯಾಗಿಂದ ತರಸೀನಿ. ನೀರಿನ ಕೊಡಾ ಜಂಗ್ಲಿಸಾಬನ ಮನ್ಯಾಗಿಂದ ಬರತೈತಿ. ನಾವ್ಯಾರೂ ಮುಟ್ಟೂದಿಲ್ಲ."

ಯಾರೂ ಕೇಳಿರಲಿಲ್ಲ. ತಾನೇ ಹೇಳಿದಳು. ಮೊದಲ ಮನೆಯಲ್ಲಿ ನಾಲಿಗೆ ತಡವರಿಸಿತು. ಆಮೇಲೆ ರೂಢಿಯಾಯಿತು.

ಅಂದಾನಪ್ಪ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. "ಛೇ ಛೇ, ಇದನ್ನ ಯಾಕ ಹೇಳತಿಬೇ ಕಳಕವ್ವಾ? ಈಗಿನ ಕಾಲದಾಗ ಅದೆಲ್ಲಾ ಎಲ್ಲೈತಿ?" ಎಂದ. ಮುಖ ಮಾತ್ರ ಅರಳಿತ್ತು. "ಶಾಣ್ಯಾಕಿ ಅದಿ. ಬರತೇವಿ ತಗೋ."

ಶಾಣ್ಯಾಕಿ ಎನ್ನಿಸಿಕೊಂಡು ಅವಳು ಮನೆಗೆ ಬಂದಳು.

ದುರಗವ್ವ ಎಲ್ಲವನ್ನೂ ಕೇಳಿದಳು. ಆಮೇಲೆ ಒಲೆಯ ಮುಂದಿನ ಬೂದಿಯನ್ನು ಜೋರಾಗಿ ಎಳೆದು ಹಾಕಿದಳು.

"ಬೆಲ್ಲ ಬಾಳಿಹಣ್ಣ ದೇವರಿಗಿ ಎಡಿ ಹಿಡೀತಾರ್ರಿ. ಮುಯ್ಯಾಳಿಗೆ ರೊಟ್ಟಿ ಹಾಕತಾರ."

"ಹೊಲಾ ಉಳೀಬೇಕಲ್ಲವಾ."

"ಅವರ ಬಾಗಸೂದ್ಕಿಂತ ಮದ್ಲ ನೀವೇ ಬಾಗಿ ಬಂದ್ರಿ. ಅವರಿಗೆ ತ್ರಾಸೂ ಕೊಡಲಿಲ್ಲ."

ಕಳಕವ್ವ ಬಾಳೆಹಣ್ಣಿನ ಗೊನೆಯನ್ನು ಗೂಟಕ್ಕೆ ತೂಗುಹಾಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಬೆಳಗಿನ ಜಾವ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರಾಯಿತು. ದುರಗವ್ವ ಒಲೆಯ ಮುಂದೆ ಕೂತಿದ್ದಳು. ಮನೆಯಲ್ಲಿದ್ದ ಜೋಳದ ಹಿಟ್ಟೆಲ್ಲ ಖಾಲಿಯಾಗುತ್ತಿತ್ತು. ಹೆಡಿಗೆ ತುಂಬುತ್ತಿತ್ತು. ಕಳಕವ್ವ ಎದ್ದು ಕೂತು ಬಳ್ಳೊಳ್ಳಿ ಸುಲಿದು ಕೊಟ್ಟಳು.

ಹೊಲದಲ್ಲಿ ಜಯಂತ ಎಳೆಸಿದ್ದ ಸುಣ್ಣದ ಗೆರೆ ಇಳಿಜಾರಿಗೆ ಅಡ್ಡಲಾಗಿ ಬೆಳ್ಳಗೆ ಕಾಣುತ್ತಿತ್ತು. ಇಬ್ಬರೂ ಅದರ ಗುಂಟ ಅಗೆಯತೊಡಗಿದರು. ಹೊತ್ತು ಏರಿತು. ಕೆಳಗೆ ದಾರಿಯಲ್ಲಿ ಯಾರಾದರೂ ಕಂಡರೆ ಕಳಕವ್ವ ಗುದ್ದಲಿ ನಿಲ್ಲಿಸಿ ನೋಡುವಳು. ಒಬ್ಬ ಸೈಕಲ್ ಮೇಲೆ ರಾಜೂರ ಕಡೆಗೆ ಹೋದ. ಒಬ್ಬಳು ಎಮ್ಮೆ ಹೊಡೆದುಕೊಂಡು ಹೋದಳು. ಮೇಲಕ್ಕೆ ಯಾರೂ ತಿರುಗಲಿಲ್ಲ.

"ಚಾ ಕುಡದ ಬರ್ತಿರಬೇಕು," ಎಂದಳು.

ದುರಗವ್ವ ಅಗೆಯುತ್ತಲೇ ಇದ್ದಳು.

"ಮಂಗಳವಾರ ಅಲ್ಲನ? ಜಳಕಾ ಪೂಜಿ ಅಂತ ತಡಾ ಆಗತೈತಿ."

ಬಾಳೆಹಣ್ಣು ಬಿಸಿಲಿಗೆ ಕಪ್ಪಿಡುತ್ತಿತ್ತು. ಕಳಕವ್ವ ಅದನ್ನು ಗಿಡದ ಹಿಂದಕ್ಕೆ ಸರಿಸಿದಳು, ಮೇಲೆ ಚೀಲ ಮುಚ್ಚಿದಳು. ಸೊಸೆಯ ಕಣ್ಣಿಗೆ ಬೀಳಬಾರದಿತ್ತು ಅದು. ಯಾರೂ ಬರದದ್ದು ಒಂದು ಕಡೆಗಿರಲಿ. ಕಟ್ಟೆ ಕಟ್ಟೆಯ ಕೆಳಗೆ ನಿಂತು ತಾನು ಆಡಿದ ಮಾತು ಒಂದೊಂದಾಗಿ ನೆನಪಾಗಿ ಮೈ ಕುಗ್ಗುತ್ತಿತ್ತು. ನಾವ್ಯಾರೂ ಮುಟ್ಟೂದಿಲ್ಲ. ಯಾರ ಹೊಲ ಇದು? ಯಾರ ನೀರು?

ಕೊನೆಗೆ ಜಂಗ್ಲಿಸಾಬ ಬಂದ. ದಾರಿಯಿಂದ ಅಲ್ಲ, ಹಳ್ಳದೊಳಗಿಂದ ಹತ್ತಿ ಬಂದ. ಹೆಗಲ ಮೇಲೆ ಸಲಿಕೆ, ಕಂಕುಳಲ್ಲಿ ನೀರಿನ ಕೊಡ. ಗಾದಿ ಹೊಲಿಯುವ ಮನೆತನ ಅವನದು, ಜೊತೆಗೆ ಹಳ್ಳದ ದಂಡೆಗೆ ತುಂಡು ಹೊಲ. ಅವನ ಹೊಲಕ್ಕೂ ಇವರು ಮಣ್ಣು ಹೊತ್ತಿದ್ದರು.

"ಯಾರೂ ಬರಂಗಿಲ್ಲ ಅಕ್ಕಾ," ಎಂದ, ಕೊಡ ಇಳಿಸಿ. "ನಿನ್ನಿ ಸಾವಕಾರ್ರ ಕಟ್ಟಿಮ್ಯಾಗ ಮಾತಾತು. ಇವತ್ತ ಹೊಲಕ್ಕ ಹೋದ್ರ, ನಾಳೆ ಮನಿಗೆ ಬರ್ರಿ ಅಂತಾರ ಅಂದ್ರು. ನಾ ಬಂದೀನಿ ಅಂತ ಯಾರ ಮುಂದೂ ಹೇಳಬ್ಯಾಡ."

"ನೀ ಯಾಕ ಬಂದಿ ಮತ್ತ?"

"ಮನ್ಯಾಗ ನಜ್ಮಾ ಬೈದ್ಲು. ಹೋಗದಿದ್ರ ರೊಟ್ಟಿ ಹಾಕೂದಿಲ್ಲ ಅಂದ್ಲು."

ಮೊದಲ ಸಲ ದುರಗವ್ವ ನಕ್ಕಳು. "ಅಲ್ಲಿ ಹಾಕದಿದ್ರ ಇಲ್ಲಿ ಅದಾವ ಬಾ, ಕಾಕಾ."

ಅವನು ಬಹಳ ಹೊತ್ತು ಅಗೆದ. ಹಸಿವಾದಾಗ ರೊಟ್ಟಿ ಇಸಿದುಕೊಂಡು, ಊರಿಗೆ ಬೆನ್ನು ಮಾಡಿ ಕೂತು, ಅವಸರದಿಂದ ತಿಂದ. ಆಗಲೇ ಕೆಳಗಿನಿಂದ ಗಡಗಡ ಸದ್ದು ಕೇಳಿತು. ಹಳದಿ ಜೆಸಿಬಿ ಧೂಳೆಬ್ಬಿಸುತ್ತ ಏರು ಹತ್ತುತ್ತಿತ್ತು. ಮುಂದೆ ಮೋಟರ್‌ಸೈಕಲ್. ಜಯಂತ ಹೊಡೆಯುತ್ತಿದ್ದ, ಹಿಂದೆ ಅಂದಾನಪ್ಪ ಕೂತಿದ್ದ. ಜಂಗ್ಲಿಸಾಬ ಉಳಿದ ರೊಟ್ಟಿಯನ್ನು ಪೂರಾ ಬಾಯಿಗೆ ತುರುಕಿಕೊಂಡು ಎದ್ದು ನಿಂತ. ಅಗಿಯಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಕಳಕವ್ವಾರ," ಎಂದ ಜಯಂತ, ಗಾಡಿ ನಿಲ್ಲಿಸಿ. ಕಣ್ಣು ಸುಣ್ಣದ ಗೆರೆಯ ಮೇಲಿತ್ತು. "ನಿಮಗ ತ್ರಾಸ ಯಾಕಂತ ಅಧ್ಯಕ್ಷರು ಮಶೀನ ಹೇಳ್ಯಾರ್ರಿ. ಯೋಜನೇದಾಗಿಂದನ. ಸಂಜಿ ಅನ್ನೂದ್ರಾಗ ನಿಮ್ಮ ಒಡ್ಡ ರೆಡಿ."

"ಮಂದಿ ಮಾಡೂದ್ಕಿಂತ ಗಟ್ಟಿ ಆಗತೈತಿ," ಎಂದ ಅಂದಾನಪ್ಪ. "ನಮಗ್ಯಾರಿಗೂ ಮಶೀನ ಸಿಕ್ಕಿದ್ದಿಲ್ಲ ನೋಡು. ನಿನ್ನ ನಸೀಬ."

ಕಳಕವ್ವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೊಲ ಉಳಿಯಿತು. ಅವಳ ಎರಡೂ ಕೈ ತಾವಾಗಿಯೇ ಕೂಡಿಕೊಂಡವು. "ನಿಮ್ಮ ಪುಣ್ಯಾರಿ ಸಾವಕಾರ್ರ," ಎಂದುಬಿಟ್ಟಳು. ದುರಗವ್ವ ಮುಖ ತಿರುಗಿಸಿದಳು.

ಜೆಸಿಬಿಯ ಡ್ರೈವರ್ ಕುಷ್ಟಗಿ ಕಡೆಯ ಹುಡುಗ. ಕೆಳಗೆ ಹಾರಿ ಬಂದು ಬೆವರು ಒರೆಸಿಕೊಂಡ. ಹೆಡಿಗೆ ಕಂಡ. "ಯವ್ವಾ, ರೊಟ್ಟಿ ಅದಾವೇನ್ರಿ? ಮುಂಜಾನಿಂದ ಬರೇ ಚಾದ ಮ್ಯಾಲೆ ಅದೀನಿ. ಒಂದ ಕೊಡ್ರಿ, ತಿಂದ ಸುರು ಮಾಡ್ತೀನಿ."

ದುರಗವ್ವ ಲಗೂನೆ ಹೆಡಿಗೆಯ ಬಟ್ಟೆ ಸರಿಸಿದಳು. ಎರಡು ರೊಟ್ಟಿ ಎತ್ತಿ ಮೇಲೆ ಚಟ್ನಿ ಇಟ್ಟು ಚಾಚಿದಳು. ಹುಡುಗ ಕೈ ಮುಂದೆ ಮಾಡಿದ.

"ಏ ತಮ್ಮಾ," ಎಂದ ಅಂದಾನಪ್ಪ. ದನಿ ಏರಿಸಲಿಲ್ಲ. "ಅಲ್ಲಿ ಬ್ಯಾಡ. ನಿನ್ನ ಊಟಾ ನಮ್ಮ ಮನ್ಯಾಗ ಮಾಡಸೀನಿ."

"ಇರ್ಲಿ ಬಿಡ್ರಿ, ಸದ್ಯಕ್ಕ ಇದ..."

"ಬ್ಯಾಡಂದೆ ಅಲ್ಲ?"

ಹುಡುಗ ಅಂದಾನಪ್ಪನನ್ನು ನೋಡಿದ. ಕಳಕವ್ವನನ್ನು ನೋಡಿದ. ತಿಳಿಯಿತು. ಕೈ ಹಿಂದಕ್ಕೆ ಎಳೆದುಕೊಂಡ. ಆ ಕೈ ಇನ್ನೂ ಏನನ್ನೂ ಮುಟ್ಟಿರಲಿಲ್ಲ. ಆದರೂ ಪ್ಯಾಂಟಿಗೆ ಒರೆಸಿಕೊಂಡ.

ದುರಗವ್ವನ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು.

ಕಳಕವ್ವನ ಕೈಗಳು ಇನ್ನೂ ಮುಗಿದೇ ಇದ್ದವು. ಅವನ್ನು ನೋಡಿಕೊಂಡಳು. ಉಗುರಿನೊಳಗೆ ಇನ್ನೂ ಮಾಳಿಂಗರಾಯನ ಹೊಲದ ಕರಿ ಮಣ್ಣಿತ್ತು. ನೀರಿಗೆ, ರೊಟ್ಟಿಗೆ, ಕರೆಯುವ ಮಾತಿಗೆ, ಎಲ್ಲಕ್ಕೂ ತಾನು ಬಗ್ಗಿದ್ದಳು. ಇವರು ಮಶೀನನ್ನೂ ಬಿಡಲಿಲ್ಲ. ಕಬ್ಬಿಣ ಉಣ್ಣುವುದಿಲ್ಲ ಎಂದೇ ಕಬ್ಬಿಣ ಕಳಿಸಿದರು. ಅದನ್ನು ಹೊಡೆಯುವವನಿಗೂ ಹಸಿವಾಗುತ್ತದೆ ಎಂದು ಅದಕ್ಕೂ ಬೇರೆ ವ್ಯವಸ್ಥೆ ಮಾಡಿಟ್ಟು ಬಂದಿದ್ದರು. ತಾನು ಕೈ ಮುಗಿದಿದ್ದಳು. ಸೊಸೆಯ ಮುಂದೆ.

ಕೈ ಬಿಡಿಸಿದಳು. ಹೋಗಿ ಸುಣ್ಣದ ಗೆರೆಯ ಮೇಲೆ ನಿಂತಳು.

"ಮಶೀನ ವಾಪಸ್ ಒಯ್ರಿ."

"ಏನಂದಿ?" ಎಂದ ಅಂದಾನಪ್ಪ.

"ವಾಪಸ್ ಒಯ್ರಿ ಅಂದೆ. ನನಗ ಮಶೀನ ಬ್ಯಾಡ. ಆಳ ಬೇಕು."

"ತಲಿಗಿಲಿ ಕೆಟ್ಟೈತೇನು? ಫುಕಟ ಒಡ್ಡ ಹಾಕಿ ಕೊಡಾಕ ಬಂದ್ರ..."

"ಫುಕಟ ಅಲ್ರಿ. ನಿಮ್ಮ ಹೊಲಕ್ಕ ನಾ ಮಶೀನ ಕಳಿಸಿದ್ದಿಲ್ಲ. ನಾ ಬಂದಿದ್ನಿ. ಜ್ವರ ಬಂದ ಮೈ ಹೊತಗೊಂಡ ಬಂದಿದ್ನಿ. ನಿಮ್ಮ ರೊಟ್ಟಿ ಮ್ಯಾಲಿಂದ ಬಿಟ್ರಿ, ಹಿಡಕೊಂಡ ತಿಂದ್ನಿ. ಈಗ ನನ್ನ ಪಾಳಿ ಐತಿ. ನೀವ ಬರ್ರಿ. ನೀವ ಅಗೀರಿ. ಕುಂತ ಉಣ್ರಿ."

"ಕಳಕವ್ವಾರ, ಸಿಟ್ಟ ಮಾಡಬ್ಯಾಡ್ರಿ," ಎಂದ ಜಯಂತ. ಮುಖ ಬಿಳಿಚಿತ್ತು. "ಈ ತಿಂಗಳಿಗೆ ಯೋಜನೆ ಮುಗೀತೈತಿ. ಆಮ್ಯಾಲೆ ಮಶೀನೂ ಇಲ್ಲ, ಒಡ್ಡೂ ಇಲ್ಲ. ಮಳಿ ಬಂದ್ರ ನಿಮ್ಮ ಹೊಲಾ ಹೋಗತೈತ್ರಿ."

"ಮುಯ್ಯಿ ಅಂತ ಹೇಳಿದಾವ್ರು ನೀವಲ್ಲರಿ ಸರ? ಹಂಗಾರ ನೀವ ಒಬ್ಬರ ಕುಂತ ಉಣ್ರಿ. ದುರಗವ್ವಾ, ಸರ್‌ಗೆ ನೀಡು."

ದುರಗವ್ವ ಕೈಯಲ್ಲಿದ್ದ ರೊಟ್ಟಿಯನ್ನು ಅವನ ಮುಂದೆ ಹಿಡಿದಳು. ಜಯಂತ ಅಂದಾನಪ್ಪನ ಕಡೆ ನೋಡಲಿಲ್ಲ. ಆದರೆ ಅಂದಾನಪ್ಪ ಎಲ್ಲಿ ನಿಂತಿದ್ದಾನೆಂಬುದು ಅವನ ಬೆನ್ನಿಗೆ ಗೊತ್ತಿತ್ತು.

"ನಾ... ಉಂಡ ಬಂದೀನ್ರಿ," ಎಂದ.

"ಹೌದ್ರಿ. ಎಲ್ಲಿ ಉಂಡೀರಿ ಗೊತ್ತೈತಿ," ಎಂದಳು ಕಳಕವ್ವ.

ಅಂದಾನಪ್ಪ ಮಣ್ಣಿಗೆ ಉಗುಳಿದ. "ಇವರಿಗೆ ಉಪಕಾರ ಮಾಡಬಾರದು ಅನ್ನೂದು ಇದಕ್ಕ. ನಡಿಯೋ ತಮ್ಮಾ." ಮೋಟರ್‌ಸೈಕಲ್ ತಿರುಗಿತು. ಜೆಸಿಬಿ ಹಿಂದೆ ಹಿಂದೆ ಸರಿದು ದಾರಿಗೆ ಇಳಿಯಿತು. ಜಂಗ್ಲಿಸಾಬ ಈಗ ಬಾಯಲ್ಲಿದ್ದುದನ್ನು ನುಂಗಿದ. ಕಣ್ಣಲ್ಲಿ ನೀರು ಬಂದಿತ್ತು. ರೊಟ್ಟಿ ಗಂಟಲಿಗೆ ಸಿಕ್ಕಿತ್ತೋ ಏನೋ.

ಕಳಕವ್ವ ಗಿಡದ ಹಿಂದೆ ಹೋಗಿ ಚೀಲದ ಕೆಳಗಿನ ಬಾಳೆಹಣ್ಣು ತೆಗೆದಳು. ಪಕ್ಕದ ಬೀಳು ನೆಲದಲ್ಲಿ ಮೇಯುತ್ತಿದ್ದ ಆಡುಗಳ ಮುಂದೆ ಸುರಿದಳು. ಬಂದು ಸೊಸೆಯ ಎದುರು ಕೂತಳು. ನೆಲ ನೋಡುತ್ತ ಕೈ ಚಾಚಿದಳು. ದುರಗವ್ವ ರೊಟ್ಟಿಯನ್ನು ಅವಳ ಅಂಗೈಗೆ ಒತ್ತಿ ಇಟ್ಟಳು.

ಮರುದಿನದಿಂದ ಅವರಿಬ್ಬರೇ ಅಗೆದರು. ಕೇರಿಯವರು ಕೂಲಿಯಿಂದ ಬಂದ ಮೇಲೆ ಕತ್ತಲಾಗುವವರೆಗೆ ಕೈ ಹಚ್ಚಿದರು. ಒಡ್ಡು ಮೊಣಕಾಲೆತ್ತರ ಬಂದಿತ್ತು. ಅಷ್ಟರಲ್ಲಿ ರೋಹಿಣಿ ಬಂತು.

ಬಂದದ್ದು ಒಮ್ಮೆಲೇ ಬಂತು. ಬೆಳಿಗ್ಗೆ ಕಳಕವ್ವ ಹೋಗಿ ನೋಡಿದಾಗ ಅರ್ಧ ಒಡ್ಡು ಇರಲಿಲ್ಲ. ಹೊಲದ ನಡುವೆ ಆಳುದ್ದ ಕೊರಕಲು ಬಿದ್ದಿತ್ತು. ಗಂಡ ಆರಿಸದೆ ಬಿಟ್ಟ ಕಲ್ಲುಗಳು ಮೇಲೆದ್ದು ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಮಶೀನ ಒಯ್ಯಿರಿ ಎಂದದ್ದಕ್ಕೆ ಇದು. ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಮಗನಿಗೆ ಏನು ಹೇಳುವುದು? ತಪ್ಪು ಮಾಡಿದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಬಂಡೆಯ ಮೇಲೆ ನೀರು ಇನ್ನೂ ಹರಿಯುತ್ತಿತ್ತು. ತಪ್ಪು ಎನ್ನಲು ಬಾಯಿ ಬರಲಿಲ್ಲ.

ಮೇಲೆ ತಡೆಯದ ನೀರು ಕೆಳಗೆ ನಿಲ್ಲಲಿಲ್ಲ. ಮಾಳಿಂಗರಾಯನ ಹೊಸ ಒಡ್ಡನ್ನು ಒಡೆಯಿತು. ಅಂದಾನಪ್ಪನ ಒಡ್ಡಿನ ಮೂಲೆ ಕಿತ್ತಿತು. ಅವರ ಕರಿ ಎರೆಯ ಮೇಲೆ ಕೆಂಪು ಮಣ್ಣು ಹಾಸಿತ್ತು.

ಆ ದಿನ ಮಧ್ಯಾಹ್ನ ಮಾಳಿಂಗರಾಯ ಕೇರಿಗೆ ಬಂದ. ಕೇರಿಯೊಳಗೆ ಅಲ್ಲ, ಕೇರಿ ಸುರುವಾಗುವ ಹುಣಸೆ ಗಿಡದವರೆಗೆ. ಅಲ್ಲಿಂದಲೇ ಕೂಗಿದ. ಕಳಕವ್ವ ಹೊರಗೆ ಬಂದಳು.

"ಕಳಕವ್ವಾ, ಒಡ್ಡ ಒಡದೈತಿ. ಇನ್ನೊಂದ ಮಳಿ ಬಂದ್ರ ಬಿತ್ತೂ ಮಣ್ಣೆಲ್ಲಾ ಹಳ್ಳಕ್ಕ ಹೋಗತೈತಿ. ಮಂದಿ ಕೂಡಸಾಕತ್ತೀವಿ. ನೀವಿಬ್ಬರೂ ಬರ್ರಿ."

"ಮುಯ್ಯಿ ಏನು?"

"ಹೂಂ... ಮುಯ್ಯೀನ."

"ನನ್ನ ಪಾಳಿ ಬಾಕಿ ಐತಲ್ಲೋ ಅಣ್ಣಾ."

ಅವನು ರುಮಾಲು ತೆಗೆದು ಮತ್ತೆ ಸುತ್ತಿಕೊಂಡ. "ನನ್ನದೇನಿಲ್ಲಬೇ. ನಾ ಬರಾವನ ಇದ್ನಿ. ಊರ ಮಂದಿ ಬಿಟ್ಟ ನಾ ಹ್ಯಾಂಗ ಬರ್ಲಿ?"

"ಊರ ಮಂದಿ ಬಿಡು. ನಾ ಊರ ಮಂದಿ ಹೊಲದಾಗ ಹೊತ್ತದ್ದು ಬ್ಯಾರೆ. ನಿನ್ನ ಹೊಲದಾಗ ಹೊತ್ತದ್ದು ಬ್ಯಾರೆ. ನಿಂದ ನೀ ತೀರಸು. ಒಂದ ದಿನಾ ಬಾ. ಒಂದ ರೊಟ್ಟಿ ತಿನ್ನು. ಮರುದಿನಾ ಮುಂಜಾನಿ ನಾ ನಿನ್ನ ಹೊಲದಾಗ ಇರತೀನಿ."

ಮಾಳಿಂಗರಾಯ ಹುಣಸೆಯ ಬೇರಿನ ಕಡೆ ನೋಡುತ್ತ ನಿಂತ. ದೊಡ್ಡ ಗಂಡಸು. ಕುರಿಯ ಹಿಂಡಿಗೆ ನುಗ್ಗಿದ ತೋಳವನ್ನು ಬಡಿಗೆಯಲ್ಲಿ ಹೊಡೆದವನು. ಈಗ ಅವನ ಭುಜ ಇಳಿಬಿದ್ದಿತ್ತು. ತಿರುಗಿ ಹೆಜ್ಜೆ ಹಾಕಿದ.

"ನಿಂದ್ರು," ಎಂದಳು ಕಳಕವ್ವ.

ನಿಂತ.

"ಕಾಲಾಗ ನೋಡು. ಆ ಮಣ್ಣ ನಂದು. ಅದನ್ನಾರ ಬಿಟ್ಟ ಹೋಗು."

ಅವನು ಕಾಲು ನೋಡಿಕೊಂಡ. ಚಪ್ಪಲಿಗೆ ಕೆಂಪು ಮಣ್ಣು ಮುದ್ದೆಮುದ್ದೆಯಾಗಿ ಹತ್ತಿತ್ತು. ಗುಡ್ಡದ ಬೆನ್ನಿನ ಮಣ್ಣು. ಬೈಯುತ್ತಾನೆ ಎಂದುಕೊಂಡಳು. ಬೈಯಲಿಲ್ಲ. ಬಗ್ಗಿದ. ಚಪ್ಪಲಿ ಕಳಚಿದ. ಒಂದು ಕಡ್ಡಿ ಹುಡುಕಿ, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು, ಹೊಲಿಗೆಯ ಸಂದಿನದೂ ಬಿಡದೆ ಹೆರೆದು ಹೆರೆದು ಹಾಕಿದ. 'ಸಾಕು' ಎಂದು ಕಳಕವ್ವ ಹೇಳಲಿಲ್ಲ. ಮುಖ ಎತ್ತದೆಯೇ ಎದ್ದ. ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು, ಬರಿಗಾಲಲ್ಲಿ, ಕೆಸರಿನ ದಾರಿಯಲ್ಲಿ ಊರ ಕಡೆಗೆ ಹೋದ.

"ಯಾರ ಬಂದಿದ್ರು ಅತ್ತಿ?" ಎಂದು ಒಳಗಿಂದ ದುರಗವ್ವ ಕೇಳಿದಳು.

"ಮಾಳಿಂಗರಾಯ. ತೀರಸಾಕ ಬಂದಾನಂತ ತಿಳದಿದ್ನಿ," ಎಂದಳು ಕಳಕವ್ವ. "ಕೇಳಾಕ ಬಂದಿದ್ದ."

ಹುಣಸೆಯ ಬುಡದಲ್ಲಿ ಬಿದ್ದಿದ್ದ ಮಣ್ಣನ್ನು ಹಿಡಿಗೂಡಿಸಿ ಸೆರಗಿಗೆ ಹಾಕಿಕೊಂಡಳು. ಗುಡ್ಡದ ಕಡೆಗೆ ನಡೆದಳು.